ಬಾಟಲಿ ಸದ್ದು ಮಾಡದ ಹಾಗೆ

ಮೂವತ್ತು ಮಾತ್ರೆಯ ಪ್ಲಾಸ್ಟಿಕ್ ಬಾಟಲಿ ಬಸ್ಸಿನ ಕುಲುಕಾಟಕ್ಕೆ ಗಿಲಕಿಯ ಹಾಗೆ ಸದ್ದು ಮಾಡುತ್ತದೆ. ಕೈಚೀಲದಲ್ಲಿ ಅಂಥವು ಮೂರಿದ್ದರೆ ಕೇಳುವುದೇ ಬೇಡ. ಪಕ್ಕದ ಸೀಟಿನವರು ಒಮ್ಮೆ ತಿರುಗಿ ನೋಡಿ ಸುಮ್ಮನಾಗುತ್ತಾರೆ. ಆ ಒಂದು ನೋಟವನ್ನು ತಪ್ಪಿಸಿಕೊಳ್ಳಲು ಹನುಮಂತನಗರದ ಒಬ್ಬ ಹೆಂಗಸು ಉಪಾಯ ಕಂಡುಕೊಂಡಿದ್ದಾರೆ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆಯಲ್ಲಿ ಮಾತ್ರೆ ಕೈಗೆ ಬಂದ ಕೂಡಲೇ ಒಂದು ಮೂಲೆಗೆ ಹೋಗಿ, ಬಾಟಲಿಯ ಮೇಲಿನ ಚೀಟಿ ಕಿತ್ತು, ಮುಚ್ಚಳ ತಿರುವಿ, ಒಳಗೆ ಹತ್ತಿ ತುರುಕುತ್ತಾರೆ. ಹತ್ತಿಗೆ ಅವರಿಗೆ ಬರವಿಲ್ಲ. ಹೂಬತ್ತಿ, ಗೆಜ್ಜೆವಸ್ತ್ರ ಮಾಡಿ ಮನೆಮನೆಗೆ ಕೊಡುವುದೇ ಅವರ ಕಸುಬು.

ಅವರ ಪರಿಚಯವಾದದ್ದು ಒಂದು ಅರ್ಜಿಯಿಂದ. ಎಚ್‌ಐವಿಯೊಂದಿಗೆ ಬದುಕುತ್ತಿರುವ ಹೆಣ್ಣುಮಕ್ಕಳು ಸಣ್ಣಪುಟ್ಟ ವ್ಯಾಪಾರ ಮಾಡಿಕೊಳ್ಳಲಿ ಎಂದು ರಾಜ್ಯ ಮಹಿಳಾ ಅಭಿವೃದ್ಧಿ ನಿಗಮ ‘ಧನಶ್ರೀ’ ಎಂಬ ಯೋಜನೆ ನಡೆಸುತ್ತದೆ. ಅದರ ಅರ್ಜಿ ತುಂಬಿಸಿಕೊಡಲು, ಪೇಪರಿಗೆ ಬರೆಯುವವರಾದರೆ ಬರವಣಿಗೆ ನೆಟ್ಟಗಿರುತ್ತದೆ ಎಂದು, ಒಬ್ಬ ಸಮುದಾಯ ಕಾರ್ಯಕರ್ತೆ ಅವರನ್ನು ನನ್ನ ಹತ್ತಿರ ಕಳಿಸಿದ್ದರು. ಅರ್ಜಿ ಮುಗಿದ ಮೇಲೆ ಅವರು ಎದ್ದು ಬಾಗಿಲವರೆಗೆ ಹೋಗಿ ವಾಪಸ್ ಬಂದರು. “ಸಾರ್, ನಾನು ಬತ್ತಿ ಕೊಡೋ ಮನೆಗಳಿಗೆ ಗೊತ್ತಾಗ್ಬಾರ್ದು. ದೇವರ ಮನೆಗೆ ಹೋಗೋ ವಸ್ತು ಅಲ್ವಾ...” ಎಂದರು. ಈಗ ಬರೆಯುತ್ತಿರುವುದು ಅವರ ಒಪ್ಪಿಗೆಯಿಂದಲೇ. ಗುರುತು ಸಿಗುವಂಥ ವಿವರಗಳನ್ನು ಕದಲಿಸಿದ್ದೇನೆ. ರಾಮಾಂಜನೇಯ ಗುಡ್ಡದಿಂದ ಗವಿಪುರದವರೆಗೆ ಬತ್ತಿ ಹೊಸೆಯುವ ಹೆಂಗಸರು ಗಲ್ಲಿಗಿಬ್ಬರು ಸಿಗುತ್ತಾರೆ.

ಹನುಮಂತನಗರದಿಂದ ಬೌರಿಂಗಿಗೆ ಹೋಗಬೇಕಾದರೆ ಮಾರ್ಕೆಟ್ಟಿಗೆ ಹೋಗಿ ಅಲ್ಲಿ ಶಿವಾಜಿನಗರದ ಬಸ್ ಹಿಡಿಯಬೇಕು. ಕೆ.ಆರ್. ಮಾರ್ಕೆಟ್ಟಿನ ಎದುರಿಗೇ ವಿಕ್ಟೋರಿಯಾ ಆಸ್ಪತ್ರೆ ಇದೆ. ಅಲ್ಲೂ ಎಚ್‌ಐವಿಗೆ ಚಿಕಿತ್ಸೆ ಕೊಡುವ ಎಆರ್‌ಟಿ ಕೇಂದ್ರವಿದೆ, ಅದೇ ಮಾತ್ರೆ, ಅದೂ ಉಚಿತ. ಆದರೂ ಅವರು ಅದನ್ನು ದಾಟಿಕೊಂಡೇ ಹೋಗುತ್ತಾರೆ. ಮಾರ್ಕೆಟ್ಟಿನಲ್ಲಿ ನಮ್ಮ ಕಡೆಯವರು ಯಾರಾದರೂ ಸಿಕ್ಕೇ ಸಿಗುತ್ತಾರೆ, ಹೂವಿಗೋ ತರಕಾರಿಗೋ ಬಂದವರು. “ನಮ್ಮವರು ಆ ಕಡೆ ಹೋಗ್ತಾರೆ, ಆ ಕಡೆಯವರು ಈ ಕಡೆ ಬರ್ತಾರೆ” ಎಂದು ಒಬ್ಬ ಕೌನ್ಸೆಲರ್ ನಗುತ್ತಾ ಹೇಳಿದ್ದರು. ಕೆಲವರಂತೂ ಬೆಂಗಳೂರನ್ನೇ ಬಿಟ್ಟು ಬೇರೆ ಜಿಲ್ಲೆಯಲ್ಲಿ ಹೆಸರು ನೋಂದಾಯಿಸಿಕೊಂಡಿದ್ದಾರಂತೆ. ಹೆಂಗಸರಿಗೆ ಬಸ್ ಉಚಿತ ಮಾಡಿದ ಶಕ್ತಿ ಯೋಜನೆ ಬಂದ ಮೇಲೆ ನಮ್ಮ ಬತ್ತಿಯಮ್ಮನಿಗೆ ಶೂನ್ಯ ಟಿಕೆಟ್ಟಾಗಿ ಬಸ್ ಖರ್ಚು ಉಳಿದಿದೆ. ಹಾಳಾಗುವುದು ಅರ್ಧ ದಿನ.

ಅವರಿಗೆ ಸೋಂಕು ಗೊತ್ತಾದದ್ದು ಬಸುರಿಯಾಗಿದ್ದಾಗ, 2004ರಲ್ಲಿ. ಗಂಡ ಕಲಾಸಿಪಾಳ್ಯದಲ್ಲಿ ಲಾರಿ ಓಡಿಸುತ್ತಿದ್ದವರು. ಹೆರಿಗೆಗೆ ಸೇರಿದ ಆಸ್ಪತ್ರೆಯಲ್ಲಿ ಮಂಚದ ತಲೆಭಾಗಕ್ಕೆ ಕೆಂಪು ಅಕ್ಷರದ ಚೀಟಿ ಅಂಟಿಸಿದ್ದರು. ಪಕ್ಕದ ಮಂಚದವಳ ಅತ್ತೆಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲವಾದ್ದರಿಂದ ಎರಡು ದಿನ ಮಾನ ಉಳಿಯಿತು. ಹೆರಿಗೆ ನೋವು ಶುರುವಾದಾಗ ತಾಯಿಗೆ ನೆವಿರಪಿನ್ ಎಂಬ ಒಂದೇ ಒಂದು ಮಾತ್ರೆ, ಹುಟ್ಟಿದ ಮಗುವಿಗೆ ಅದೇ ಔಷಧದ ಕೆಲವು ಹನಿ: ಆ ಕಾಲದಲ್ಲಿ ಬಡವರಿಗೆ ಸಿಗುತ್ತಿದ್ದ ರಕ್ಷಣೆ ಅಷ್ಟು. ಮಗುವಿಗೆ ಸೋಂಕು ತಗುಲಿದೆಯೋ ಇಲ್ಲವೋ ಖಚಿತವಾಗಲು 18 ತಿಂಗಳು ಕಾಯಬೇಕಿತ್ತು. ತಾಯಿಯ ರಕ್ತದಿಂದ ಬಂದ ಪ್ರತಿಕಾಯಗಳು ಮಗುವಿನಲ್ಲಿ ಅಲ್ಲಿಯವರೆಗೂ ಉಳಿದಿದ್ದು, ಅದಕ್ಕೂ ಮೊದಲು ಪರೀಕ್ಷೆ ಮಾಡಿದರೆ ಸುಳ್ಳು ಹೇಳುತ್ತವೆ. “ಹದಿನೆಂಟು ತಿಂಗಳು ಮಗು ಕೆಮ್ಮಿದ್ರೂ ನಂಗೆ ಅದೇ ಯೋಚನೆ” ಎಂದರು. ಈಗ ಹುಟ್ಟಿದ ಆರು ವಾರಕ್ಕೇ ಹಿಮ್ಮಡಿಯಿಂದ ಕೆಲವು ಹನಿ ರಕ್ತ ತೆಗೆದು, ಕಾಗದದ ಮೇಲೆ ಒಣಗಿಸಿ, ಪ್ರಯೋಗಾಲಯಕ್ಕೆ ಕಳಿಸಿ ತಿಳಿದುಕೊಳ್ಳಬಹುದು. ಅವರ ಮಗನಿಗೆ ಸೋಂಕಿಲ್ಲ. ಡಿಪ್ಲೊಮಾ ಮುಗಿಸಿ ಪೀಣ್ಯದಲ್ಲಿ ಕೆಲಸಕ್ಕಿದ್ದಾನೆ. ಗಂಡ ಮಗನ ಮುಖವನ್ನು ಮೂರು ವರ್ಷ ನೋಡಿದರು.

*

ಭಾರತದಲ್ಲಿ ಎಚ್‌ಐವಿ ಮೊದಲು ಪತ್ತೆಯಾದದ್ದು 1986ರಲ್ಲಿ, ಮದರಾಸಿನಲ್ಲಿ. ಡಾ. ಸುನೀತಿ ಸಾಲೊಮನ್ ಅವರ ವಿದ್ಯಾರ್ಥಿನಿ ನಿರ್ಮಲಾ ಲೈಂಗಿಕ ವೃತ್ತಿಯ ಹೆಂಗಸರಿಂದ ರಕ್ತದ ಮಾದರಿ ಸಂಗ್ರಹಿಸಿ ವೆಲ್ಲೂರಿನಲ್ಲಿ ಪರೀಕ್ಷೆ ಮಾಡಿಸಿದ್ದರು. ಅದಾದ ಮೇಲೆ ನಮ್ಮ ಪತ್ರಿಕೆಗಳಿಗೆ ಎರಡು ಪದ ಸಿಕ್ಕವು: ‘ಮಹಾಮಾರಿ’ ಮತ್ತು ‘ರಾಕ್ಷಸ’. ತೊಂಬತ್ತರ ದಶಕದಲ್ಲಿ ಶಾಲೆ ಕಾಲೇಜಿಗೆ ಹೋದವರಿಗೆ ತಲೆಬುರುಡೆಯ ಪೋಸ್ಟರುಗಳು ನೆನಪಿರಬಹುದು. ಹೆದರಿಸಿದರೆ ಜನ ಎಚ್ಚರಗೊಳ್ಳುತ್ತಾರೆ ಎಂದು ಬರೆಸಿದವರ ಲೆಕ್ಕ. ಹೆದರಿದವರು ಪರೀಕ್ಷೆಗೆ ಹೋಗುವುದನ್ನೇ ಬಿಟ್ಟರು. ಆ ಪೋಸ್ಟರುಗಳು ಮಾಡಿದ ಹಾನಿಯನ್ನು ಯಾರೂ ಲೆಕ್ಕ ಹಾಕಿಲ್ಲ. ಹಾಕಿದರೆ ಕಡಿಮೆಯೇನೂ ಬರಲಾರದು.

ಬೆಂಗಳೂರಿನಲ್ಲಿ ಸರ್ಕಾರದ ದಾರಿ ಕಾಯದೆ ಎದ್ದು ನಿಂತವರು ಬೆರಳೆಣಿಕೆಯ ಮಂದಿ. 1993ರಲ್ಲಿ ಸಂಘಮಿತ್ರಾ ಅಯ್ಯಂಗಾರ್ ನೇತೃತ್ವದಲ್ಲಿ ‘ಸಂರಕ್ಷ’ ಶುರುವಾಯಿತು. ಮುಂದೆ ಅದು ಕೊಪ್ಪಳ, ರಾಯಚೂರಿನ ಕಡೆಯ ಹಳ್ಳಿಗಳಿಗೂ ಹೋಯಿತು. ಮದ್ಯ, ಮಾದಕ ವಸ್ತುಗಳ ಚಟ ಬಿಡಿಸಲು ಹುಟ್ಟಿದ ‘ಫ್ರೀಡಂ ಫೌಂಡೇಶನ್’, ಬೇರೆಲ್ಲೂ ಸೇರಿಸಿಕೊಳ್ಳದ ರೋಗಿಗಳಿಗೆ ಹಾಸಿಗೆ ಕೊಟ್ಟಿತು. 1998ರಲ್ಲಿ ಡಾ. ಗ್ಲೋರಿ ಅಲೆಕ್ಸಾಂಡರ್ ‘ಆಶಾ ಫೌಂಡೇಶನ್’ ಕಟ್ಟಿದರು. ಸೋಂಕಿರುವವರೇ ಸೇರಿ, ಅವರ ಕುಟುಂಬಗಳನ್ನೂ ಸೇರಿಸಿಕೊಂಡು 2000ದಲ್ಲಿ ‘ಮಿಲನ’ ಎಂಬ ಬಳಗ ಮಾಡಿಕೊಂಡರು. ಕರ್ನಾಟಕ ರಾಜ್ಯ ಏಡ್ಸ್ ಪ್ರಿವೆನ್ಷನ್ ಸೊಸೈಟಿ 1997ರ ಕೊನೆಗೆ ಬಂತು.

ಆಗ ಈ ಸಂಸ್ಥೆಗಳು ಮಾಡಬಹುದಾಗಿದ್ದದ್ದು ಪಕ್ಕದಲ್ಲಿ ಕೂರುವುದು, ಗಂಜಿ ಕುಡಿಸುವುದು, ಕ್ಷಯಕ್ಕೆ ಔಷಧಿ ಕೊಡಿಸುವುದು, ಕೊನೆಗೆ ಹೆಣಕ್ಕೆ ಹೆಗಲು ಕೊಡುವುದು. ವೈರಸ್ಸನ್ನು ಹದ್ದುಬಸ್ತಿನಲ್ಲಿಡುವ ಔಷಧಿ 1996ರಿಂದಲೇ ಇತ್ತು. ಒಬ್ಬ ರೋಗಿಗೆ ವರ್ಷಕ್ಕೆ ಹತ್ತು ಸಾವಿರ ಡಾಲರಿಗೂ ಮೇಲೆ. 2001ರ ಫೆಬ್ರುವರಿಯಲ್ಲಿ ಸಿಪ್ಲಾದ ಯೂಸುಫ್ ಹಮೀದ್, ಅದೇ ಮೂರು ಔಷಧಿಯನ್ನು ವರ್ಷಕ್ಕೆ 350 ಡಾಲರಿಗೆ, ಅಂದರೆ ದಿನಕ್ಕೆ ಒಂದು ಡಾಲರಿಗೂ ಕಡಿಮೆಗೆ ಕೊಡುತ್ತೇನೆ ಎಂದರು. ಜಗತ್ತಿನ ಲೆಕ್ಕವೇ ತಿರುವುಮುರುವಾಯಿತು. 2004ರ ಏಪ್ರಿಲ್ 1ರಂದು ಭಾರತ ಸರ್ಕಾರ ದೇಶದ ಎಂಟು ಆಸ್ಪತ್ರೆಗಳಲ್ಲಿ ಉಚಿತ ಎಆರ್‌ಟಿ ಆರಂಭಿಸಿತು. ಕರ್ನಾಟಕದ ಪಾಲಿಗೆ ಬಂದದ್ದು ಬೌರಿಂಗ್.

ಉಚಿತ ಎಂದ ಮಾತ್ರಕ್ಕೆ ಎಲ್ಲರಿಗೂ ಅಲ್ಲ. ಸಿಡಿ4 ಎಂಬ ಬಿಳಿ ರಕ್ತಕಣದ ಎಣಿಕೆ 200ಕ್ಕಿಂತ ಕೆಳಗಿಳಿಯಬೇಕಿತ್ತು. ಅಂದರೆ ಕಾಯಿಲೆ ಸಾಕಷ್ಟು ಕೈಮೀರಿದ ಮೇಲೆಯೇ ಮಾತ್ರೆ. ನಮ್ಮ ಬತ್ತಿಯಮ್ಮ ತಮ್ಮ ಎಣಿಕೆ ಅಷ್ಟಕ್ಕೆ ಇಳಿಯುವವರೆಗೆ ಮೂರು ವರ್ಷ ಸುಮ್ಮನೆ ಪರೀಕ್ಷೆ ಮಾಡಿಸಿಕೊಂಡು ಬರುತ್ತಿದ್ದರು. ಮಿತಿಯನ್ನು ಮುಂದೆ 350ಕ್ಕೆ, 500ಕ್ಕೆ ಏರಿಸಿ, 2017ರಲ್ಲಿ ತೆಗೆದೇ ಹಾಕಿದರು. ಈಗ ಸೋಂಕು ಖಚಿತವಾದ ಕೂಡಲೇ ಚಿಕಿತ್ಸೆ. ಮೊದಲ ಮಾತ್ರೆಗಳ ಪೈಕಿ ಸ್ಟಾವುಡಿನ್ ಎಂಬುದೊಂದಿತ್ತು. ಜೀವ ಉಳಿಸಿತು, ಮುಖ ಕೆಡಿಸಿತು. ಕೆನ್ನೆಯ ಕೊಬ್ಬು ಕರಗಿ ಗುಳಿ ಬೀಳುತ್ತಿತ್ತು. ಬೀದಿಯವರು “ಯಾಕ್ರೀ ಹಿಂಗಾಗಿದೀರಾ, ಶುಗರ್ರಾ?” ಎಂದು ಕೇಳಿದಾಗ ಅವರಿಗೆ ಅರ್ಧ ಉತ್ತರ ಸಿಕ್ಕಂತಾಯಿತು. ಅಂದಿನಿಂದ ಅವರಿಗೆ ಬೀದಿಯಲ್ಲಿ ಶುಗರ್. ಹನುಮಂತನಗರದಲ್ಲಿ ಶುಗರ್ ಇರುವವರಿಗೆ ಸಿಗುವ ಮರ್ಯಾದೆ, ಸಲಹೆ, ಹಾಗಲಕಾಯಿ ಎಲ್ಲವೂ ಸಿಕ್ಕಿದೆ. ಸತ್ಯನಾರಾಯಣ ಪೂಜೆಯ ಸಪಾದಭಕ್ಷ್ಯ ಕೊಡುವಾಗ ಮಾತ್ರ “ನಿಮಗೆ ಆಗೋಲ್ಲ ಅಲ್ವಾ” ಎಂದು ಅರ್ಧ ಚಮಚ ಹಾಕುತ್ತಾರಂತೆ. ಅದೊಂದು ದುಃಖ ಎಂದು ನಕ್ಕರು.

*

ಚಿಕಿತ್ಸೆಯ ಕಥೆಯಲ್ಲಿ ಡಾಕ್ಟರು, ಕಂಪನಿ, ಸರ್ಕಾರ ಎಲ್ಲರಿಗೂ ಪಾಲಿದೆ. ತಡೆಗಟ್ಟಿದ ಕಥೆಯ ದೊಡ್ಡ ಪಾಲು ಯಾರದ್ದು ಎಂದು ಕೇಳಿದರೆ ನಮ್ಮಂಥ ಬಡಾವಣೆಗಳಿಗೆ ಸ್ವಲ್ಪ ಇರುಸುಮುರುಸಾಗುತ್ತದೆ.

2003ರಲ್ಲಿ ಬಾಗಲಕೋಟೆ ಜಿಲ್ಲೆಯಲ್ಲಿ ಮನೆಮನೆಗೆ ಹೋಗಿ ಸಮೀಕ್ಷೆ ಮಾಡಿದಾಗ ವಯಸ್ಕರಲ್ಲಿ ಸೋಂಕು ಶೇ 3ರ ಹತ್ತಿರ ಕಂಡಿತು. ಒಂದು ಹಳ್ಳಿಯಲ್ಲಿ ಒಬ್ಬರಿಗೂ ಇಲ್ಲ, ಇನ್ನೊಂದರಲ್ಲಿ ನೂರಕ್ಕೆ ಎಂಟು. ಲಾರಿ, ವಲಸೆ, ದೇವದಾಸಿ ಪದ್ಧತಿ, ಮಹಾರಾಷ್ಟ್ರದ ನಗರಗಳ ನಂಟು ಎಲ್ಲ ಸೇರಿ ಕಟ್ಟಿದ ಗಂಟು ಅದು. ಕೃಷ್ಣಾ ತೀರದ ಕಬ್ಬಿನ ಸೀಮೆಯಲ್ಲಿ ಹೀಗಿದೆ ಎಂದರೆ ಬೆಂಗಳೂರಿನವರು ನಂಬುತ್ತಿರಲಿಲ್ಲ. ಅದೇ ವರ್ಷ ಗೇಟ್ಸ್ ಫೌಂಡೇಶನ್ನಿನ ‘ಆವಾಹನ್’ ಕಾರ್ಯಕ್ರಮ ಆರು ರಾಜ್ಯಗಳಲ್ಲಿ ಶುರುವಾಯಿತು. ರಾಜ್ಯದ ಏಡ್ಸ್ ಸೊಸೈಟಿ ಮತ್ತು ಕೆನಡಾದ ಮ್ಯಾನಿಟೋಬಾ ವಿಶ್ವವಿದ್ಯಾಲಯ ಸೇರಿ ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಹುಟ್ಟಿದ್ದೂ 2003ರಲ್ಲೇ.

ಹಣ ಬಂತು, ತಜ್ಞರು ಬಂದರು. ಯಾವ ಸಂದಿಯಲ್ಲಿ, ಯಾವ ಲಾಡ್ಜಿನಲ್ಲಿ, ಯಾವ ಬಸ್ ಸ್ಟ್ಯಾಂಡಿನ ಯಾವ ಕಂಬದ ಹತ್ತಿರ, ಎಷ್ಟು ಗಂಟೆಗೆ ಎಂಬುದು ತಜ್ಞರಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಲೈಂಗಿಕ ವೃತ್ತಿಯಲ್ಲಿರುವ ಹೆಂಗಸರಿಗೆ. ಕೊಲ್ಕತ್ತದ ಸೋನಾಗಾಚಿಯಲ್ಲಿ ಡಾ. ಸ್ಮರಜಿತ್ ಜಾನಾ 1992ರಲ್ಲೇ ಇದನ್ನು ಕಂಡುಕೊಂಡಿದ್ದರು. ಆದರೆ ಸೋನಾಗಾಚಿಗೆ ಬೀದಿ ಇದೆ, ಮನೆ ನಂಬರ್ ಇದೆ. ಬೆಂಗಳೂರು, ಮೈಸೂರುಗಳಲ್ಲಿ ಅಂಥ ಒಂದು ಕೇರಿಯೇ ಇಲ್ಲ. ಬೆಳಿಗ್ಗೆ ಗಾರ್ಮೆಂಟ್ಸಿಗೆ ಹೋಗುವವಳು, ಮನೆಗೆಲಸದವಳು, ಮಕ್ಕಳನ್ನು ಸ್ಕೂಲಿಗೆ ಬಿಟ್ಟು ಮೆಜೆಸ್ಟಿಕ್ಕಿಗೆ ಬರುವವಳು: ಹುಡುಕುವುದು ಎಲ್ಲಿ?

ಹಾಗಾಗಿ ಹುಡುಕುವ ಕೆಲಸವನ್ನು ಅವರಿಗೇ ಬಿಟ್ಟರು. ಐವತ್ತು ಅರವತ್ತು ಹೆಂಗಸರಿಗೆ ಅವರಲ್ಲೇ ಒಬ್ಬಳು ‘ಪೀರ್’. ಅಕ್ಷರ ಬಾರದವರಿಗಾಗಿ ಚಿತ್ರದ ಚೀಟಿಗಳು ಬಂದವು. ನೆಲದ ಮೇಲೆ ಸೀಮೆಸುಣ್ಣದಲ್ಲಿ ತಮ್ಮ ಊರಿನ ನಕ್ಷೆ ಬರೆದು, ಯಾರಿಗೆ ವಾರಕ್ಕೆ ಎಷ್ಟು ಕಾಂಡೋಮ್ ಬೇಕು, ಯಾರು ಕ್ಲಿನಿಕ್ಕಿಗೆ ಬಂದು ಎಷ್ಟು ದಿನವಾಯಿತು, ಯಾರ ಗಂಡ ಕುಡಿದು ಹೊಡೆಯುತ್ತಾನೆ ಎಂದು ಗುರುತು ಹಾಕಿದರು. ಯಾವ ಮ್ಯಾನೇಜ್‌ಮೆಂಟ್ ಕಾಲೇಜಿನಲ್ಲೂ ಅಷ್ಟು ಕರಾರುವಾಕ್ಕಾದ ಯೋಜನೆ ನಾನು ಕಂಡಿಲ್ಲ.

ಒಂದು ಮಧ್ಯಾಹ್ನ ನಗರದ ಇಂಥ ಹೆಂಗಸರದೇ ಒಂದು ಸಂಘದ ಕೋಣೆಯಲ್ಲಿ ಕೂತಿದ್ದೆ. ಚಾಪೆ, ಗೋಡೆಗೆ ಒಂದು ಕನ್ನಡಿ, ಮೂಲೆಯಲ್ಲಿ ಮಲಗಿದ್ದ ಮಗು. ಐವತ್ತರ ಆಸುಪಾಸಿನ ಒಬ್ಬ ಅಕ್ಕ ಮರದ ಮಾದರಿಯನ್ನು ಕಿಟಕಿಯ ಕಟ್ಟೆ ಮೇಲಿಟ್ಟು ಹೊಸಬರಿಗೆ ಪಾಠ ಹೇಳುತ್ತಿದ್ದರು. “ಮೊದ್ಲು ತಾರೀಖು ನೋಡು. ಆಮೇಲೆ ಪ್ಯಾಕೆಟ್ ಒತ್ತಿ ನೋಡು, ಗಾಳಿ ಇದ್ಯಾ? ಗಾಳಿ ಇಲ್ದಿದ್ರೆ ಬಿಸಾಕು. ಹಲ್ಲಲ್ಲಿ ಕಚ್ಬೇಡ. ಇಲ್ಲಿ ಗರಗಸದ ಹಲ್ಲಿನ ಥರ ಇರುತ್ತಲ್ಲ, ಅಲ್ಲಿಂದ ಹರಿ.” ಬೆರಳುಗಳು ಬಟನ್ ಹೊಲಿಯುವಷ್ಟು ಸಲೀಸಾಗಿ ಆಡುತ್ತಿದ್ದವು. ಕೋಣೆಯಲ್ಲಿ ನಾಚಿಕೊಂಡವನು ನಾನೊಬ್ಬನೇ.

ಕಾಂಡೋಮ್ ಕೊಟ್ಟರಷ್ಟೇ ಮುಗಿಯಲಿಲ್ಲ. ಪೊಲೀಸರು ಹೆಂಗಸರ ಚೀಲ ತಡಕಿ, ಸರ್ಕಾರವೇ ಹಂಚಿದ ಕಾಂಡೋಮನ್ನು ಸಾಕ್ಷಿ ಎಂದು ಎತ್ತಿಡುತ್ತಿದ್ದ ಕಾಲ. ಒಂದು ಇಲಾಖೆ ಹಂಚುವುದು, ಇನ್ನೊಂದು ಇಲಾಖೆ ಅದಕ್ಕೇ ಹಿಡಿಯುವುದು. ಏಟಿನ ಭಯದಲ್ಲಿ ಅದನ್ನು ಚೀಲದಲ್ಲಿ ಇಟ್ಟುಕೊಳ್ಳುವ ಧೈರ್ಯ ಯಾರಿಗೆ? ಆದ್ದರಿಂದ ಎಚ್‌ಐವಿ ತಡೆಯ ಕೆಲಸ ನಡುರಾತ್ರಿ ಠಾಣೆಗೆ ಓಡುವ ಕೆಲಸವೂ ಆಯಿತು. ಸಂಘಗಳಲ್ಲಿ ಬಿಕ್ಕಟ್ಟಿನ ತಂಡಗಳು ಹುಟ್ಟಿದವು. ಯಾರನ್ನಾದರೂ ಎತ್ತಿಕೊಂಡು ಹೋದರೆ ಫೋನು ಬಂದ ಅರ್ಧ ಗಂಟೆಯಲ್ಲಿ ನಾಲ್ಕು ಹೆಂಗಸರು, ಒಬ್ಬ ವಕೀಲರು ಠಾಣೆಯ ಮುಂದೆ.

ಮೈಸೂರಿನಲ್ಲಿ 2004ರಲ್ಲಿ ಡಾ. ಸುಶೇನಾ ರೆಜಾ–ಪಾಲ್ ಜೊತೆಯಾಗಿ ಈ ಕೆಲಸ ಶುರುವಾದಾಗ ಲೈಂಗಿಕ ವೃತ್ತಿಯ ಹೆಂಗಸರಲ್ಲಿ ನಾಲ್ವರಿಗೊಬ್ಬರಿಗೆ ಎಚ್‌ಐವಿ ಇತ್ತು. ಸಿಫಿಲಿಸ್ ಕೂಡ ಶೇ 25. ಎರಡು ವರ್ಷ ಕಳೆದು ನೋಡಿದರೆ ಸಿಫಿಲಿಸ್ ಶೇ 12ಕ್ಕೆ ಇಳಿದಿತ್ತು. ಈ ಮಧ್ಯೆ ಅವರು ‘ಆಶೋದಯ ಸಮಿತಿ’ಯಾಗಿ ನೋಂದಾಯಿಸಿಕೊಂಡರು, ಮುಂದೆ ಊರಿನ ನಡುವೆ ಒಂದು ಹೋಟೆಲನ್ನೂ ತೆರೆದರು. ಸಾಮಾನ್ಯ ಜನ ಬಂದು ಅಲ್ಲಿ ಊಟ ಮಾಡಿ ಹೋದರು. ನನ್ನ ಮಟ್ಟಿಗೆ ಆ ಹೋಟೆಲು ಯಾವ ಅಂಕಿಅಂಶಕ್ಕಿಂತಲೂ ದೊಡ್ಡದು.

ಬೆಂಗಳೂರಿನ ‘ಸ್ವಾತಿ ಮಹಿಳಾ ಸಂಘ’ ಹಿಡಿದ ದಾರಿ ಬೇರೆ. ‘ಸ್ವಸ್ತಿ’ ಸಂಸ್ಥೆಯೊಂದಿಗೆ ‘ಪ್ರಗತಿ’ ಎಂಬ ಕಾರ್ಯಕ್ರಮ ನಡೆಸುತ್ತಾ, ಕೂಡಿಡುವುದಕ್ಕೂ ಸಾಲಕ್ಕೂ ‘ಸ್ವಾತಿ ಜ್ಯೋತಿ’ ಎಂಬ ತಮ್ಮದೇ ಸಹಕಾರಿಯನ್ನು ಕಟ್ಟಿಕೊಂಡರು. ಮೀಟರ್ ಬಡ್ಡಿಯವನ ಕಂತು ಕಟ್ಟಬೇಕಾದ ದಿನ ಗಿರಾಕಿ “ಕಾಂಡೋಮ್ ಬೇಡ, ನೂರು ರೂಪಾಯಿ ಜಾಸ್ತಿ ಕೊಡ್ತೀನಿ” ಎಂದರೆ ಬೇಡ ಎನ್ನುವುದು ಕಷ್ಟ. ಪಾಸ್‌ಬುಕ್ಕಿನಲ್ಲಿ ನಾಲ್ಕು ಕಾಸಿದ್ದವಳು ಬೇಡ ಎನ್ನಬಲ್ಲಳು. ಇಷ್ಟು ಸರಳ ಸಂಗತಿ ಆರೋಗ್ಯ ಇಲಾಖೆಯ ಪಠ್ಯದಲ್ಲಿ ಇರಲಿಲ್ಲ. ಗಂಡಸರೊಂದಿಗೆ ಸಂಬಂಧ ಇಟ್ಟುಕೊಂಡ ಗಂಡಸರು, ಹಿಜ್ರಾ, ಕೋಥಿ ಸಮುದಾಯಗಳ ನಡುವೆ ಇದೇ ಕೆಲಸಕ್ಕೆ 1999ರಲ್ಲಿ ಹುಟ್ಟಿದ ‘ಸಂಗಮ’ ನೆಲೆಯಾಯಿತು. ಕಾನೂನೇ ಅವರನ್ನು ಅಪರಾಧಿಗಳೆನ್ನುತ್ತಿದ್ದ ದಿನಗಳು. ಸುಪ್ರೀಂ ಕೋರ್ಟು 377ನೇ ಕಲಂನ ಹಲ್ಲು ಕಿತ್ತದ್ದು 2018ರ ಸೆಪ್ಟೆಂಬರ್ 6ರಂದು.

ಫಲ ಏನಾಯಿತು? ದಕ್ಷಿಣ ಭಾರತದ 15ರಿಂದ 24ರ ಯುವತಿಯರಲ್ಲಿ ಸೋಂಕು 2000ದಿಂದ 2004ರ ನಡುವೆ ಮೂರನೇ ಒಂದರಷ್ಟು ಇಳಿದಿದೆ ಎಂದು 2006ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆ ಪ್ರಕಟಿಸಿತು. ಆವಾಹನ್‌ನ ಮೊದಲ ಐದು ವರ್ಷಗಳಲ್ಲಿ ಸುಮಾರು ಒಂದು ಲಕ್ಷ ಸೋಂಕು ತಪ್ಪಿತು ಎಂದು 2011ರಲ್ಲಿ ಅದೇ ಪತ್ರಿಕೆಯಲ್ಲಿ ಇನ್ನೊಂದು ಅಂದಾಜು ಬಂತು. ಆಗದೇ ಹೋದದ್ದನ್ನು ಎಣಿಸುವ ಲೆಕ್ಕ ಇದು, ಆ ಒಂದು ಲಕ್ಷವನ್ನು ಬೇಕಾದರೆ ಅರ್ಧ ಮಾಡಿಕೊಳ್ಳಿ. ಆಗಲೂ ಐವತ್ತು ಸಾವಿರ ಮನೆ.

*

2020ರ ಮಾರ್ಚ್‌ನಲ್ಲಿ ಕೊರೊನಾ ಲಾಕ್‌ಡೌನಿಗೆ ಬಸ್ಸು ನಿಂತಾಗ ಬತ್ತಿಯಮ್ಮನ ಬಾಟಲಿಯಲ್ಲಿ ಒಂಬತ್ತು ಮಾತ್ರೆ ಉಳಿದಿದ್ದವು. ಈ ಮಾತ್ರೆ ತಪ್ಪಿಸುವಂತಿಲ್ಲ. ಬಿಟ್ಟರೆ ವೈರಸ್ ಮತ್ತೆ ತಲೆಯೆತ್ತುತ್ತದೆ, ಔಷಧಿಗೆ ಬಗ್ಗದ ಹಾಗೂ ಆಗಬಹುದು. ಏಳನೇ ದಿನ ಒಬ್ಬ ಹುಡುಗ ಸ್ಕೂಟರಿನಲ್ಲಿ ಬಂದ. ಅವನೂ ಪಾಸಿಟಿವ್. ರಾಜ್ಯದ ಎಲ್ಲ ಕಡೆ ಆ ವಾರಗಳಲ್ಲಿ ಹೀಗೆ ಪೀರ್‌ಗಳು, ಸಂಘದವರು ಪಾಸು ಹಿಡಿದುಕೊಂಡು ಅಲೆದರು. ಗುಡ್ಡದ ಮೆಟ್ಟಿಲ ಬುಡದಲ್ಲಿ, ಮೇಲೆ ಸೊಪ್ಪು ಹೊದಿಸಿದ ಕೈಚೀಲದಲ್ಲಿ ಅವರಿಗೆ ಮಾತ್ರೆ ತಲುಪಿತು. ಕೇಂದ್ರಗಳು ಒಂದು ತಿಂಗಳ ಬದಲು ಎರಡು ಮೂರು ತಿಂಗಳ ಮಾತ್ರೆಯನ್ನು ಒಟ್ಟಿಗೆ ಹೆಚ್ಚಾಗಿ ಕೊಡತೊಡಗಿದ್ದು ಆಗ. ಮೂರು ಬಾಟಲಿಗಳ ಸದ್ದಿನ ತಾಪತ್ರಯ ಅಲ್ಲಿಂದ ಬಂತು.

ಅದೇ ವರ್ಷ ‘ಸೋಂಕಿತ’ ಎಂಬ ಪದ ಹನುಮಂತನಗರಕ್ಕೆಲ್ಲ ಹರಡಿತು. ವಕೀಲರು ಸೋಂಕಿತರಾದರು, ಪುರೋಹಿತರು ಸೋಂಕಿತರಾದರು. 50 ಅಡಿ ರಸ್ತೆಯ ಆಚೀಚೆ ಗೇಟುಗಳ ಮೇಲೆ ಬಿಬಿಎಂಪಿಯ ನೋಟಿಸ್ ಬಿತ್ತು. ಹಾಲಿನವನು ಕಾಂಪೌಂಡಿನಾಚೆಯೇ ಪ್ಯಾಕೆಟ್ ಇಟ್ಟು ಓಡಿದ. ನಮ್ಮ ಬೀದಿಯ ಹಿರಿಯರೊಬ್ಬರು ಕೊರೊನಾದಿಂದ ಎದ್ದು ಬಂದು, “ಯಾರೂ ಮುಖ ಕೊಟ್ಟು ಮಾತಾಡ್ಲಿಲ್ಲ ಕಣಯ್ಯಾ, ಹದಿನಾಲ್ಕು ದಿನ” ಎಂದು ಕಣ್ಣೊರೆಸಿಕೊಂಡಿದ್ದರು. ಅವರು ಅದನ್ನು ಹೇಳುತ್ತಿದ್ದಾಗ ಬತ್ತಿಯಮ್ಮ ಗೇಟಿನ ಹತ್ತಿರ ನಿಂತು ಕೇಳಿಸಿಕೊಳ್ಳುತ್ತಿದ್ದರು. ಆಗ ಅವರಿಗೆ ಸೋಂಕು ಗೊತ್ತಾಗಿ ಹದಿನಾರು ವರ್ಷ ಆಗಿತ್ತು.

ಈಗಿನ ಮಾತ್ರೆ ಒಳ್ಳೆಯದು. ಟೆನೊಫೊವಿರ್, ಲ್ಯಾಮಿವುಡಿನ್, ಡೊಲುಟೆಗ್ರಾವಿರ್ ಮೂರನ್ನೂ ಸೇರಿಸಿ ದಿನಕ್ಕೆ ಒಂದು. ಕೆನ್ನೆ ಗುಳಿಯಿಲ್ಲ. ತಪ್ಪದೆ ತೆಗೆದುಕೊಂಡರೆ ಕೆಲವು ತಿಂಗಳಲ್ಲಿ ರಕ್ತದಲ್ಲಿ ವೈರಸ್ ಎಣಿಕೆಗೆ ಸಿಗದಷ್ಟು ಕಡಿಮೆಯಾಗುತ್ತದೆ. ಹಾಗಾದವರಿಂದ ಲೈಂಗಿಕ ಸಂಪರ್ಕದ ಮೂಲಕ ಇನ್ನೊಬ್ಬರಿಗೆ ಸೋಂಕು ಹರಡುವುದಿಲ್ಲ. ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಖಚಿತವಾದ ಮಾತಿದು. ಚಿಕಿತ್ಸೆಯಿಲ್ಲದಿದ್ದರೆ ತಾಯಿಯಿಂದ ಮಗುವಿಗೆ ದಾಟುವ ಸಂಭವ ನೂರಕ್ಕೆ 15ರಿಂದ 45. ಚಿಕಿತ್ಸೆಯಿದ್ದರೆ 5ಕ್ಕಿಂತ ಕಡಿಮೆ. ಸೂಜಿ ಚುಚ್ಚಿಯೋ ಬೇರೆ ರೀತಿಯಲ್ಲೋ ಸೋಂಕಿನ ಅಪಾಯ ಎದುರಾದವರು 72 ಗಂಟೆಯೊಳಗೆ ಆಸ್ಪತ್ರೆ ಮುಟ್ಟಿ 28 ದಿನ ಮಾತ್ರೆ ನುಂಗಿದರೆ ಸೋಂಕು ನೆಲೆಯೂರುವುದನ್ನು ತಡೆಯಬಹುದು. ಆರು ತಿಂಗಳಿಗೊಮ್ಮೆ ಚುಚ್ಚಿಸಿಕೊಂಡರೆ ಸೋಂಕು ತಗುಲದಂತೆ ಕಾಯುವ ಲೆನಾಕಾಪವಿರ್ ಎಂಬ ಔಷಧಿಗೆ 2025ರ ಜೂನ್‌ನಲ್ಲಿ ಅಮೆರಿಕ ಒಪ್ಪಿಗೆ ಕೊಟ್ಟಿದೆ. ಹೈದರಾಬಾದಿನ ಕಂಪನಿಗಳು 2027ರಿಂದ ಅದನ್ನು ವರ್ಷಕ್ಕೆ 40 ಡಾಲರಿಗೆ ಬಡ ದೇಶಗಳಿಗೆ ಕೊಡುವುದಾಗಿ ಹೇಳಿವೆ.

ಕರ್ನಾಟಕದಲ್ಲಿ ಇಂದು ಎಚ್‌ಐವಿಯೊಂದಿಗೆ ಬದುಕುತ್ತಿರುವವರು ಸುಮಾರು ಎರಡೂಮುಕ್ಕಾಲು ಲಕ್ಷ. ಮಹಾರಾಷ್ಟ್ರ, ಆಂಧ್ರ ಬಿಟ್ಟರೆ ನಮ್ಮದೇ ಹೆಚ್ಚು. ಸಂಖ್ಯೆ ನೋಡಿ ಗಾಬರಿಯಾಗಬೇಕಿಲ್ಲ. ಮೊದಲಾದರೆ ಸತ್ತು ಈ ಲೆಕ್ಕದಿಂದ ಇಳಿದುಹೋಗುತ್ತಿದ್ದವರು ಈಗ ಕೆಲಸ ಮಾಡಿಕೊಂಡು, ಮಕ್ಕಳನ್ನು ಸಾಕಿಕೊಂಡು ಇದ್ದಾರೆ. ಗಾಬರಿಯಾಗಬೇಕಾದದ್ದು ಬೇರೆ ಕಡೆ ಇದೆ. ಮೆಜೆಸ್ಟಿಕ್ಕಿನ ಕಂಬದ ಹತ್ತಿರ ಈಗ ಯಾರೂ ನಿಲ್ಲುವುದಿಲ್ಲ, ಎಲ್ಲ ಫೋನಿನಲ್ಲಿ. ಸೀಮೆಸುಣ್ಣದ ನಕ್ಷೆ ಅಳಿಸಿಹೋಗಿದೆ, ಆ್ಯಪಿಗೆ ನಕ್ಷೆ ಬರೆಯುವುದು ಹೇಗೆಂದು ಪೀರ್‌ಗಳು ತಲೆ ಕೆರೆದುಕೊಳ್ಳುತ್ತಿದ್ದಾರೆ. ಅವರ ಗೌರವಧನವೋ, ತೀರಾ ಕಡಿಮೆ. ಅದೂ ತಿಂಗಳಿಗೆ ಸರಿಯಾಗಿ ಬಾರದು. ಕಾಲೇಜಿನ ಹುಡುಗರಿಗೆ ತಲೆಬುರುಡೆಯ ಪೋಸ್ಟರಿನ ಭಯವೂ ಇಲ್ಲ, ಅದರ ಜಾಗದಲ್ಲಿ ತಿಳಿವಳಿಕೆಯೂ ಇಲ್ಲ.

ಕಾನೂನು ಮಾತ್ರ ಚೆನ್ನಾಗಿದೆ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಕೆಲಸದಿಂದ ತೆಗೆಯುವಂತಿಲ್ಲ, ಶಾಲೆಗೆ ಸೇರಿಸಿಕೊಳ್ಳದೆ ಇರುವಂತಿಲ್ಲ, ಚಿಕಿತ್ಸೆ ನಿರಾಕರಿಸುವಂತಿಲ್ಲ, ಬಾಡಿಗೆ ಮನೆ ಕೊಡುವುದಿಲ್ಲ ಎನ್ನುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಇನ್ನೊಬ್ಬರಿಗೆ ಹೇಳುವಂತಿಲ್ಲ. ಅದರಲ್ಲೊಂದು ಕಲಂ ಓದಿ ನಾನು ಪುಸ್ತಕ ಮುಚ್ಚಿಟ್ಟಿದ್ದೆ. ಎಚ್‌ಐವಿಯಿಂದ ಬಾಧಿತವಾದ ಮನೆಯನ್ನು ನಡೆಸಿಕೊಂಡು ಹೋಗುತ್ತಿರುವ, ಹನ್ನೆರಡು ತುಂಬಿದ, ತಿಳಿವಳಿಕೆಯುಳ್ಳ ಮಗು ತನ್ನ ತಮ್ಮ ತಂಗಿಯರಿಗೆ ಪೋಷಕನಾಗಿ ಶಾಲೆಯಲ್ಲಿ, ಆಸ್ಪತ್ರೆಯಲ್ಲಿ, ಬ್ಯಾಂಕಿನಲ್ಲಿ ಸಹಿ ಹಾಕಬಹುದು. ಹನ್ನೆರಡು ವರ್ಷ! ಅಂಥ ಎಷ್ಟು ಮನೆಗಳನ್ನು ನೋಡಿದ ಮೇಲೆ ಈ ಸಾಲು ಬರೆದಿರಬಹುದು?

ಕಾಯ್ದೆಯ ಪ್ರತಿಯನ್ನು ಬತ್ತಿಯಮ್ಮನಿಗೆ ತೋರಿಸಿದ್ದೆ. ವರ್ಷದ ಹಿಂದೆ ಹಲ್ಲು ಕೀಳಿಸಲು ಹೋದಾಗ ನಿಜ ಹೇಳಿದ್ದಕ್ಕೆ ಅವರನ್ನು ಮೂರು ಸಲ “ನಾಳೆ ಬನ್ನಿ” ಎಂದು ಕಳಿಸಿದ್ದರಂತೆ. ನಾಲ್ಕನೇ ಸಲ ಬೇರೆ ಕಡೆ ಹೋಗಿ ಶುಗರ್ ಎಂದಷ್ಟೇ ಹೇಳಿ ಕೀಳಿಸಿಕೊಂಡು ಬಂದರು. “ದೂರು ಕೊಡಬಹುದಿತ್ತು” ಎಂದೆ. “ದೂರಲ್ಲಿ ಹೆಸರು ಬರೀಬೇಕಲ್ಲ ಸಾರ್?” ನ್ಯಾಯಾಲಯದಲ್ಲಿ ಹೆಸರು ಮರೆಮಾಚಿ ವಿಚಾರಣೆ ನಡೆಸಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ ಎಂದು ತೋರಿಸಿದೆ. ಅವರು ಪುಟ ನೋಡಲಿಲ್ಲ. ನಮ್ಮ ಬಡಾವಣೆಯ ‘ಟು ಲೆಟ್’ ಬೋರ್ಡುಗಳು ಅಡುಗೆಮನೆಯಲ್ಲಿ ಏನು ಬೇಯುತ್ತದೆ ಎಂದು ವಿಚಾರಿಸದೆ ಬಿಡುವುದಿಲ್ಲ. ಅಲಮಾರಿನ ಬಾಟಲಿಯಲ್ಲಿ ಏನಿದೆ ಎಂದು ಗೊತ್ತಾದರೆ ಏನು ಮಾಡುತ್ತಾರೆಂದು ಬಾಡಿಗೆ ಮನೆಯಲ್ಲಿರುವ ಅವರಿಗೆ ಯಾವ ಕಲಂ ಓದಿ ಧೈರ್ಯ ಹೇಳಲಿ?

ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ. ಅವರ ವ್ಯಾಪಾರಕ್ಕೆ ಅದು ಸುಗ್ಗಿ, ಕಾರ್ತಿಕ ಪೂರ್ತಿ ದೀಪ. ಅದರ ಆಸುಪಾಸಿನಲ್ಲೇ ಡಿಸೆಂಬರ್ 1, ವಿಶ್ವ ಏಡ್ಸ್ ದಿನ. ಕೆಂಪು ರಿಬ್ಬನ್, ಜಾಥಾ, ಭಾಷಣ ಎಲ್ಲ ನಡೆಯುತ್ತವೆ. ಅವರು ಯಾವ ಜಾಥಾಕ್ಕೂ ಹೋಗಿಲ್ಲ. ಧನಶ್ರೀ ಅರ್ಜಿ ಎರಡನೇ ಸಲ ಹಾಕಿದ್ದಾರೆ. ಹಣ ಬಂದರೆ ಬತ್ತಿ ಮಾಡುವ ಯಂತ್ರ ಕೊಳ್ಳಬೇಕೆಂದಿದ್ದಾರೆ. ಮೊಣಕಾಲ ಮೇಲೆ ಹೊಸೆದು ಹೊಸೆದು ಅಂಗೈ ಸವೆದಿದೆ.

ಇದನ್ನು ಓದಿದ ಮೇಲೆ ನಿಮ್ಮ ಮನೆಗೆ ಹೂಬತ್ತಿ ಕೊಡುವವರು ಯಾರು, ಅವರಿಗೆ ಶುಗರ್ ಇದೆಯೇ ಎಂದು ಲೆಕ್ಕ ಹಾಕಲು ಹೊರಡಬೇಡಿ. ಅವರ ಕಸುಬನ್ನೂ ನಾನು ಬದಲಿಸಿರಬಹುದು. ವಿಚಾರಿಸಿಯೇ ತೀರಬೇಕು ಎನಿಸಿದರೆ ನಿಮ್ಮ ಬಗ್ಗೆ ವಿಚಾರಿಸಿಕೊಳ್ಳಿ. ಸರ್ಕಾರಿ ಆಸ್ಪತ್ರೆಯ ಐಸಿಟಿಸಿ ಕೇಂದ್ರದಲ್ಲಿ ಪರೀಕ್ಷೆ ಉಚಿತ, ಫಲಿತಾಂಶ ನಿಮಗೆ ಬಿಟ್ಟು ಬೇರೆಯವರಿಗೆ ಹೇಳುವುದಿಲ್ಲ. ಸಂಶಯವಿದ್ದರೆ ಕೇಳಲು ಉಚಿತ ಸಹಾಯವಾಣಿ 1097.